ಕಣ್ಣಿಗೆ ಬೀಳದ ತಿಮಿಂಗಿಲಗಳ ಲೆಕ್ಕ

ಮಾಂಟೆರಿ, ಕ್ಯಾಲಿಫೋರ್ನಿಯಾ

ತೀರ್ಥರೂಪ ಅಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ಕೋಣೆಯೊಳಗೆ ಕುಳಿತು ತಿಮಿಂಗಿಲಗಳ ಅಧ್ಯಯನ ಹೇಗೆ ಸಾಧ್ಯವೆಂದು ಕೇಳಿದ್ದಿರಿ. ಉಸಿರಿಗಾಗಿ ಸ್ವಲ್ಪ ಹೊತ್ತು ಮಾತ್ರ ಮೇಲೆ ಬರುವ ಪ್ರಾಣಿಯನ್ನು ರಾತ್ರಿಯಲ್ಲಾಗಲಿ, ಇಲ್ಲಿನ ದಟ್ಟ ಮಂಜಿನಲ್ಲಾಗಲಿ ನೋಡಿ ಎಣಿಸಲಾಗದು. ನೀರಿನಲ್ಲಿ ಬೆಳಕು ಬೇಗ ಅಡಗಿಹೋಗುತ್ತದೆ; ಶಬ್ದವಾದರೋ ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಲ್ಲಿ, ಅಂದರೆ ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗದಲ್ಲಿ, ಬಹುದೂರ ಸಾಗುತ್ತದೆ. ಇಲ್ಲಿನ ಮಾಂಟೆರಿ ಕೊಲ್ಲಿಯಲ್ಲಿ ಸುಮಾರು 900 ಮೀಟರ್ ಆಳದಲ್ಲಿ 2015ರಿಂದ ಒಂದು ಹೈಡ್ರೋಫೋನ್, ಅಂದರೆ ನೀರೊಳಗಿನ ಮೈಕ್, ಇದ್ದು, ನೀರಿನ ಒತ್ತಡದ ಸೂಕ್ಷ್ಮ ಏರಿಳಿತವನ್ನು ವಿದ್ಯುತ್ ಸಂಕೇತವಾಗಿಸಿ ಕೇಬಲ್ ಮೂಲಕ ದಡಕ್ಕೆ ಕಳುಹಿಸುತ್ತದೆ. ಫಿನ್ ತಿಮಿಂಗಿಲದ ಕೂಗಿನ ಮಿಡಿತ 20 ಹರ್ಟ್ಸ್ (ಸೆಕೆಂಡಿಗೆ 20 ಕಂಪನ) ಆಸುಪಾಸಿನದು, ನಮ್ಮ ಕಿವಿಗೆ ನಿಲುಕುವ ಕಟ್ಟಕಡೆಯ ಅಂಚು. ಹಾಗಾಗಿ ಧ್ವನಿಮುದ್ರಣವನ್ನು ವೇಗ ಹೆಚ್ಚಿಸಿ ಕೇಳುತ್ತೇವೆ, ಹೆಚ್ಚಿನ ವೇಳೆ ಪರದೆಯ ಮೇಲೆ ಗೆರೆಗಳಾಗಿ ಓದುತ್ತೇವೆ.

ನನಗೆ ಅತ್ಯಂತ ಸೋಜಿಗವೆನಿಸಿದ್ದು ನೀಲಿ ತಿಮಿಂಗಿಲದ ಹಾಡಿನ ವೇಳಾಪಟ್ಟಿ. ಬೇಸಿಗೆಯಲ್ಲಿ ಹಗಲೆಲ್ಲ ಕ್ರಿಲ್ ಎಂಬ ಸೀಗಡಿಯಂಥ ಸಣ್ಣ ಜೀವಿಗಳನ್ನು ತಿನ್ನುವ ಅವು ಮುಖ್ಯವಾಗಿ ರಾತ್ರಿ ಹಾಡುತ್ತವೆ. ದಕ್ಷಿಣಕ್ಕೆ ವಲಸೆ ಹೊರಟ ಮೇಲೆ ಹಗಲಿನ ಹಾಡೇ ಹೆಚ್ಚಾಗುತ್ತದೆ. ಹೀಗೆ ಮೇವು ಮುಗಿಸಿ ಹೊರಟ ಕಾಲವನ್ನು ಒಂದು ತಿಮಿಂಗಿಲವನ್ನೂ ನೋಡದೆ ಹೇಳಬಹುದು. ಆದರೆ ಹಾಡುವುದು ಗಂಡುಗಳೆಂದು ತಿಳಿದಿರುವುದರಿಂದ, ಸದ್ದಿಲ್ಲವೆಂದ ಮಾತ್ರಕ್ಕೆ ತಿಮಿಂಗಿಲವೇ ಇಲ್ಲವೆಂದು ಬರೆಯುವಂತಿಲ್ಲ.

ಕಾರವಾರದ ಬೈತಖೋಲ್ ಬಂದರಿನಲ್ಲೇ ಒಂದು ಹೈಡ್ರೋಫೋನ್ ಇಳಿಬಿಟ್ಟರಾಗದೇ ಎಂದು ತಮ್ಮ ಕೇಳಿದ್ದಾನೆ. ಅಲ್ಲಿ ಅವನಿಗೆ ಕೇಳಿಸುವುದು ಟ್ರಾಲರ್ ಎಂಜಿನ್ನುಗಳು ಮತ್ತು ಚಟಪಟಗುಟ್ಟುವ ಸೀಗಡಿಗಳು ಮಾತ್ರ. ಆಳವಿಲ್ಲದ ನೀರಿನಲ್ಲಿ ತಿಮಿಂಗಿಲಗಳ ತಗ್ಗಿನ ಶ್ರುತಿಯ ಶಬ್ದ ದೂರ ಸಾಗುವುದಿಲ್ಲ. ನೇತ್ರಾಣಿ ದ್ವೀಪವನ್ನೂ ದಾಟಿ, ಸಮುದ್ರದ ತಳ ಒಮ್ಮೆಲೇ ಇಳಿಯುವ ಕಡೆಗೆ ಹೋಗಬೇಕು. ಹಡಗುಗಳ ಗದ್ದಲವೂ ಇದೇ ತಗ್ಗಿನ ಶ್ರುತಿಯಲ್ಲಿರುವುದು ಇನ್ನೊಂದು ತೊಡಕು. 2001ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಮೇಲಾದ ಭಯೋತ್ಪಾದಕ ದಾಳಿಯ ನಂತರ ಕೆನಡಾದ ಫಂಡಿ ಕೊಲ್ಲಿಯಲ್ಲಿ ಹಡಗುಗಳ ಓಡಾಟ ಇಳಿದಾಗ, ಅಲ್ಲಿನ ರೈಟ್ ತಿಮಿಂಗಿಲಗಳ ಮಲದಲ್ಲಿ ಒತ್ತಡದ ಹಾರ್ಮೋನ್ ಕೂಡ ಇಳಿದಿತ್ತು.

ಆದರೂ ನಮ್ಮ ಕಡಲನ್ನು ಆಲಿಸಲೇಬೇಕೆಂಬುದು ನನ್ನ ಅಭಿಪ್ರಾಯ. ಅರಬ್ಬಿ ಸಮುದ್ರದ ಹಂಪ್‌ಬ್ಯಾಕ್‌ ತಿಮಿಂಗಿಲಗಳು ಉಳಿದವುಗಳಂತೆ ಧ್ರುವದತ್ತ ವಲಸೆ ಹೋಗದೆ ವರ್ಷವಿಡೀ ಅಲ್ಲೇ ಇರುತ್ತವೆ. 2017ರಲ್ಲಿ ಒಮಾನ್‌ನಲ್ಲಿ ಉಪಗ್ರಹ ಟ್ಯಾಗ್ ಹಾಕಿದ ಹೆಣ್ಣೊಂದು ಕಡಲು ದಾಟಿ ಭಾರತದ ಪಶ್ಚಿಮ ಕರಾವಳಿಗೆ ಬಂದಿತ್ತು. ಆದ್ದರಿಂದ ಆಳಕ್ಕೆ ಹೋಗುವ ದೋಣಿಯವರನ್ನು ವಿಚಾರಿಸಿ, ತಿಮಿಂಗಿಲ ಕಂಡ ತಿಂಗಳು, ನೀರಿನ ಆಳ, ಬೆನ್ನಿನ ಆಕಾರ, ಇಷ್ಟನ್ನು ತಮ್ಮನಿಂದ ಬರೆಸಿ ಕಳುಹಿಸಬೇಕಾಗಿ ವಿನಂತಿ. ಅಮ್ಮನಿಗೆ ನಮಸ್ಕಾರ ತಿಳಿಸಿರಿ.

ಇಂತಿ ನಿಮ್ಮ ಮಗಳು