ಟೈಲರ್ ಮಗಳಿಗೆ ಕಂಡಕ್ಟರ್ ಮಗಳ ಕಾಗದ

ಪ್ರೀತಿಯ ತಂಗೀ,

ನೀನು ನಿಮ್ಮಪ್ಪನ ಬಗ್ಗೆ ಬರ್ದು ಕಳ್ಸಿದ ಲೇಖನ ಅವತ್ತೇ ಓದ್ದೆ, ಎರಡ್ ಸಲ ಓದ್ದೆ, ಉತ್ತರ ಬರೆಯೋಕೆ ಮಾತ್ರ ನಾಲ್ಕು ದಿನ ಆಯ್ತು. ವಾಟ್ಸಾಪಲ್ಲಿ "ಚೆನ್ನಾಗಿದೆ ಪುಟ್ಟಾ" ಅಂತ ಒಂದು ಕೈ ಮುಗಿಯೋ ಚಿತ್ರ ಹಾಕಿ ಸುಮ್ನಾಗ್ಬಹುದಿತ್ತು, ಆದ್ರೆ ನೀನು "ಮೇಡಂ, ದಾಕ್ಷಿಣ್ಯ ಬೇಡ, ಇದ್ದದ್ದು ಇದ್ದ ಹಾಗೆ ಹೇಳಿ" ಅಂತ ಬೇರೆ ಬರ್ದಿದೀಯ. ಮೊದ್ಲು ಆ ಮೇಡಂ ತೆಗಿ, ಅಕ್ಕಾ ಅನ್ನು ಸಾಕು. ಇನ್ನು ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದ್ರು ಅನ್ನೋ ಗಾದೆ ನಿಂಗೂ ಗೊತ್ತಿರುತ್ತೆ, ಒದಿಯೋದಾದ್ರೆ ಪೂರ್ತಿ ಓದಿ ಆಮೇಲೆ ಒದಿ.

ಲೇಖನದಲ್ಲಿ ಎಲ್ಲಾ ಇದೆ, ನಿಮ್ಮಪ್ಪ ಒಬ್ರು ಕಾಣಿಸ್ಲಿಲ್ಲ ಕಣೇ. ಆಲದ ಮರ ಇದೆ, ತಾನು ಉರಿದು ಬೆಳಕು ಕೊಡೋ ದೀಪ ಇದೆ, ತೇಯ್ದ ಗಂಧದ ಕೊರಡಿದೆ, "ತ್ಯಾಗ" ಅನ್ನೋ ಪದ ಪೆನ್ಸಿಲ್ ಹಿಡ್ಕೊಂಡು ಎಣಿಸ್ದೆ, ಒಂಬತ್ತು ಸಲ ಇದೆ. ಆದ್ರೆ ಆ ಮನುಷ್ಯ ಬೆಳಿಗ್ಗೆ ಅಂಗಡಿ ಶಟರ್ ಎತ್ತಿದ ಮೇಲೆ ಮೊದ್ಲು ಏನ್ ಮಾಡ್ತಾರೆ, ಮಿಷನ್ನಿಗೆ ಎಣ್ಣೆ ಬಿಡ್ತಾರೋ, ದೇವರ ಫೋಟೋಗೆ ಊದಿನಕಡ್ಡಿ ಹಚ್ತಾರೋ, ಎದುರಿನ ಹೋಟ್ಲಿಂದ ಬೈಟೂ ಕಾಫಿ ತರಿಸ್ತಾರೋ, ಒಂದೂ ಇಲ್ಲ. ಟೈಲರ್ ಅನ್ನೋ ಪದ ತೆಗೆದು ರೈತ ಅಂತ ಹಾಕು, ನಡೆಯುತ್ತೆ. ಪೋಸ್ಟ್‌ಮ್ಯಾನ್ ಅಂತ ಹಾಕು, ಅದೂ ನಡೆಯುತ್ತೆ. ಹಂಗೆ ಯಾರ ಅಪ್ಪನಿಗಾದ್ರೂ ಹೊಂದ್ಕೊಳ್ಳೋ ರೆಡಿಮೇಡ್ ಬಟ್ಟೇನ ಒಬ್ಬ ಟೈಲರಿಗೆ ಹಾಕಿದೀಯಲ್ಲ, ಅವ್ರಿಗೇ ಬೇಜಾರಾಗಲ್ವಾ?

ಮೂರನೇ ಪುಟದಲ್ಲಿ ಒಂದು ಸಾಲಿದೆ. "ಅಪ್ಪ ಎಷ್ಟೋ ಸಲ ಕಿವಿ ಮೇಲಿನ ಮಾರ್ಕಿಂಗ್ ಚಾಕ್ ತೆಗೆಯೋದು ಮರೆತು ಹಂಗೇ ಊಟಕ್ಕೆ ಕೂರ್ತಿದ್ರು." ಅಲ್ಲಿ ಮಾತ್ರ ನಾನು ನಿಂತೆ. ಅವ್ರು ಕಂಡ್ರು. ತಟ್ಟೆ ಮುಂದೆ ಬಗ್ಗಿದಾಗ ಆ ಚಾಕ್ ಜಾರಿ ಸಾರಿಗೆ ಬೀಳುತ್ತೇನೋ ಅಂತ ಒಂದ್ ಗಳಿಗೆ ಭಯಾನೂ ಆಯ್ತು ನಂಗೆ. ನೀನು ಮಾತ್ರ ಮುಂದಿನ ಸಾಲಲ್ಲೇ ಮತ್ತೆ ಆಲದ ಮರ ಹತ್ತಿಬಿಟ್ಟೆ.

ನಿಂಗೆ ಬುದ್ಧಿ ಹೇಳೋ ಯೋಗ್ಯತೆ ನಂಗೆ ಹೆಂಗೆ ಬಂತು ಅಂದ್ರೆ, ಇದೇ ತಪ್ಪು ನಾನೂ ಮಾಡಿದೀನಿ. ನಮ್ಮಪ್ಪ ತೀರ್ಕೊಂಡ ವರ್ಷ ಒಂದು ಪತ್ರಿಕೆಗೆ ಅವರ ಬಗ್ಗೆ ಬರ್ದೆ. ಅವ್ರು ಸರ್ಕಾರಿ ಕೆಂಪು ಬಸ್ಸಿನ ಕಂಡಕ್ಟರ್, 1974ರಲ್ಲಿ ಕೆಲಸಕ್ಕೆ ಸೇರಿದವ್ರು, ಹಾಸನ ಬೇಲೂರು ಮೂಡಿಗೆರೆ ಕಡೆ ರೂಟು. ಬಸ್ಸಿನ ಚರಿತ್ರೆ ಅವ್ರಿಗೆ ಬಾಯಿಪಾಠ. 1948ರಲ್ಲಿ ಮೈಸೂರು ಸರ್ಕಾರ 120 ಬಸ್ ಇಟ್ಕೊಂಡು ಶುರು ಮಾಡಿದ್ದು, 1961ರಲ್ಲಿ ಅದು ನಿಗಮ ಆಗಿದ್ದು, 1973ರಲ್ಲಿ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದಾಗ ಬಸ್ಸಿನ ಮೇಲಿನ ಹೆಸರೂ ಬದಲಾಗಿದ್ದು, ಇದನ್ನೆಲ್ಲ ಮನೆಗೆ ಬಂದೋರಿಗೆ ರಾಮಾಯಣ ಹೇಳ್ದಂಗೆ ಹೇಳೋರು. ನಾನು ಅದಷ್ಟನ್ನೂ ಲೇಖನಕ್ಕೆ ತುರುಕಿ, ಮೇಲೆ "ಪ್ರಾಮಾಣಿಕತೆಯ ಮೂರ್ತಿ", "ಕಾಯಕಯೋಗಿ" ಅಂತೆಲ್ಲ ಒಗ್ಗರಣೆ ಹಾಕಿ ಕಳ್ಸಿದ್ದೆ. ಅಚ್ಚಾಯ್ತು, ಫೋನುಗಳು ಬಂದ್ವು, ಎಲ್ರೂ ಕಣ್ಣೀರು ಬಂತು ಅಂದ್ರು. ಅಮ್ಮನಿಗೆ ಕಣ್ಣು ಮಂಜು, ಅದಕ್ಕೇ ನಾನೇ ಗಟ್ಟಿಯಾಗಿ ಓದಿ ಹೇಳ್ದೆ. ಅವರೆಕಾಯಿ ಸುಲಿತಾ ಪೂರ್ತಿ ಕೇಳಿಸ್ಕೊಂಡ್ರು. ಕೊನೇಗೆ, "ಚೆನ್ನಾಗಿದೆ. ಯಾರಿವ್ರು?" ಅಂದ್ರು.

ತಮಾಷೆಗೆ ಕೇಳಿದ್ದಲ್ಲ ಅದು. ನಿಜವಾಗ್ಲೂ ಯಾರೋ ಸಾಹಿತ್ಯ ಪರಿಷತ್ತಿನ ದೊಡ್ಡ ಮನುಷ್ಯರು ತೀರ್ಕೊಂಡಿರ್ಬೇಕು ಅಂದ್ಕೊಂಡಿದ್ರಂತೆ.

ಅವತ್ತು ರಾತ್ರಿ ನಾನು ಅಟ್ಟದ ಟ್ರಂಕಿಂದ ಅಪ್ಪನ ಪಾಕೆಟ್ ನೋಟ್‌ಬುಕ್ಕುಗಳನ್ನ ತೆಗ್ದೆ. ಇದು ಏನು ಅಂತ ನಿಂಗೆ ಸ್ವಲ್ಪ ವಿವರಿಸ್ಬೇಕು, ನೀನು ಟಿಕೆಟ್ ಮಿಷನ್ ಕಾಲದವಳು. ಆಗೆಲ್ಲ ಒಂದೊಂದು ರೇಟಿಗೆ ಒಂದೊಂದು ಬಣ್ಣದ ಟಿಕೆಟ್ ಪುಸ್ತಕ, ಹರಿದು ಪಂಚ್ ಹೊಡೆದು ಕೊಡೋದು. ಚಿಲ್ಲರೆ ಇಲ್ಲಾಂದ್ರೆ ಟಿಕೆಟ್ ಹಿಂದೆ ಬಾಕಿ ಎಷ್ಟು ಅಂತ ಬರ್ದು ಕೊಟ್ಟು, ಇಳಿಯುವಾಗ ಇಸ್ಕೊಳ್ಳಿ ಅನ್ನೋದು. ಅದು ಈಗ್ಲೂ ಇದೆ ಅನ್ನು. ಇಳಿಯೋ ಗಡಿಬಿಡೀಲಿ ಜನ ಮರೀತಾರೆ, ಕಂಡಕ್ಟರಿಗೂ ನೆನಪಿರಲ್ಲ. ನಮ್ಮಪ್ಪ ಮಾತ್ರ ಬಸ್ಸು ಮೂವ್ ಆದ್ಮೇಲೆ ಈ ಪುಟಾಣಿ ಬುಕ್ಕಲ್ಲಿ ಬರ್ಕೊಳ್ಳೋರು, ಮುಂದಿನ ಸಲ ಅದೇ ರೂಟಲ್ಲಿ ಸಿಕ್ಕಾಗ ಕೊಡೋಕೆ. ಹೆಸರಂತೂ ಗೊತ್ತಿರಲ್ಲ, ಹಂಗಾಗಿ ಗುರುತು ಬರಿಯೋರು. "ಕಿವಿಗೆ ಹತ್ತಿ ಇಟ್ಟವ್ರು, 75 ಪೈಸೆ." "ಕೋಳಿ ಅಜ್ಜಿ, ಮಾತು ಜಾಸ್ತಿ, 1.50." "ಹೊಸ ಚಪ್ಪಲಿ ಹುಡುಗ, ಕುಂಟ್ತಿದ್ದ, 25 ಪೈಸೆ." "ಗಂಡನ ಜತೆ ಜಗಳ ಆಡ್ಕೊಂಡು ಹಿಂದಿನ ಸೀಟಲ್ಲಿ ಕೂತವ್ರು, 2 ರೂ., ಗಂಡನ ಕೈಗೆ ಕೊಡಬಾರದು." ದುಡ್ಡು ಕೊಟ್ಟಾದ ಮೇಲೆ ಅದರ ಮೇಲೆ ಒಂದು ಗೆರೆ. ಆ 25 ಪೈಸೆ ನಾಣ್ಯ 2011ರಲ್ಲಿ ಚಲಾವಣೆಯಿಂದಾನೇ ಹೋಯ್ತು, ಹೊಸ ಚಪ್ಪಲಿ ಹುಡುಗನ ಸಾಲಿನ ಮೇಲೆ ಮಾತ್ರ ಇವತ್ತಿಗೂ ಗೆರೆ ಬಿದ್ದಿಲ್ಲ.

ನಾಲ್ಕನೇ ಕ್ಲಾಸಲ್ಲಿದ್ದಾಗ ನಾನು ಇದನ್ನ ಕದ್ದು ಓದ್ತಿದ್ದೆ. ನಮ್ಮನೇಲಿ ಬೇರೆ ಪುಸ್ತಕ ಅಂತ ಇದ್ದಿದ್ದು ಪಂಚಾಂಗ ಒಂದೇ. ಕೋಳಿ ಅಜ್ಜಿ ಎಲ್ಲಿಗೆ ಹೋಗ್ತಿದ್ರು, ಆ ಕೋಳಿ ಮಾರೋಕಾ, ಮಗಳ ಬಾಣಂತನಕ್ಕಾ, ರಾತ್ರಿ ಮಲ್ಕೊಂಡು ಯೋಚ್ನೆ ಮಾಡ್ತಿದ್ದೆ. ಈಗ ಸಭೆಗಳಲ್ಲಿ ನಿಮ್ಮ ಮೇಲೆ ಯಾವ ಲೇಖಕರ ಪ್ರಭಾವ ಇದೆ ಅಂತ ಕೇಳ್ತಾರಲ್ಲ, ನಾನೂ ದೊಡ್ಡ ದೊಡ್ಡ ಹೆಸರು ಹೇಳ್ತೀನಿ, ಆದ್ರೆ ನಿಜ ಹೇಳ್ಬೇಕಂದ್ರೆ ಒಬ್ಬ ಮನುಷ್ಯನನ್ನ ಎರಡು ಪದದಲ್ಲಿ ಹೆಂಗೆ ಹಿಡೀಬೇಕು ಅನ್ನೋದು ನಂಗೆ ಬಂದಿದ್ದು ಆ ನೋಟ್‌ಬುಕ್ಕಿಂದ. ಅಪ್ಪ ಗುರುತು ಬರೀಬೇಕಾದ್ರೆ "ಒಳ್ಳೇ ಮನುಷ್ಯ" ಅಂತ ಒಂದ್ ಸಲಾನೂ ಬರ್ದಿಲ್ಲ ನೋಡು. ಬರೆದಿದ್ರೆ ಮುಂದಿನ ವಾರ ಆ ತುಂಬಿದ ಬಸ್ಸಲ್ಲಿ ಯಾರಿಗೆ ಅಂತ ಕೊಡೋರು ಚಿಲ್ಲರೆ?

ಒಂದ್ ಸಲ ಬೇಸಿಗೆ ರಜೇಲಿ ನೈಟ್ ಹಾಲ್ಟಿಗೆ ಕರ್ಕೊಂಡು ಹೋಗಿದ್ರು. ಮೂಡಿಗೆರೆ ದಾಟಿ ಕಾಫಿ ತೋಟಗಳ ಒಳಗೆ ಒಂದು ಊರು, ಬಸ್ಸು ರಾತ್ರಿ ಅಲ್ಲೇ ನಿಂತು ಬೆಳಿಗ್ಗೆ ಆರಕ್ಕೆ ವಾಪಸ್. ಡ್ರೈವರ್ ಮಾಮ ಮುಂದಿನ ಸೀಟಲ್ಲಿ ಗೊರಕೆ, ನಂಗೆ ಹಿಂದಿನ ಉದ್ದನೇ ಸೀಟು, ಅಪ್ಪ ನಡುವೆ, ದುಡ್ಡಿನ ಬ್ಯಾಗು ತಲೆ ಕೆಳಗೆ, ಅದರ ಬೆಲ್ಟು ಮುಂಗೈಗೆ ಎರಡು ಸುತ್ತು. ಹೊರಗೆ ಮಳೆ, ಎರಡು ಕಡೆ ಸೋರ್ತಿತ್ತು, ಒಂದರ ಕೆಳಗೆ ಊಟದ ಡಬ್ಬಿ ಇಟ್ಟಿದ್ರು, ಟಣ್ ಟಣ್ ಅಂತ ಶಬ್ದ. ಬೆಳಿಗ್ಗೆ ಹೊರಟ ಮೇಲೆ ಒಂದೊಂದು ಸ್ಟೇಜ್, ಅಂದ್ರೆ ಟಿಕೆಟ್ ರೇಟು ಬದಲಾಗೋ ಜಾಗ, ಬರೋ ಮೊದ್ಲು ಅಲ್ಲಾಡೋ ಬಸ್ಸಲ್ಲೇ ಕಂಬಕ್ಕೆ ಒರಗಿ ನಿಂತ್ಕೊಂಡು ಲೆಕ್ಕದ ಹಾಳೆ ವೇಬಿಲ್ಲಲ್ಲಿ ಟಿಕೆಟ್ ನಂಬರ್ ಬರೀತಿದ್ರು, ನಾನು ನಂಬರ್ ಓದಿ ಹೇಳೋಳು. ಬಸ್ ನಿಂತಾಗ ಬರೀಬಹುದಲ್ಲಣ್ಣ ಅಂದೆ. "ಸ್ಟೇಜ್ ದಾಟೋಕ್ ಮುಂಚೆ ಬರೀಬೇಕಮ್ಮ. ದಾಟಿದ್ಮೇಲೆ ಬರೆದ್ರೆ ಚೆಕಿಂಗ್‌ನೋರು ಅದನ್ನ ಲೆಕ್ಕ ಅನ್ನಲ್ಲ, ಕತೆ ಅಂತಾರೆ" ಅಂದ್ರು. ಮಗಳು ಮುಂದೆ ಕತೆ ಬರ್ದೇ ಹೊಟ್ಟೆ ಹೊರೀತಾಳೆ ಅಂತ ಪಾಪ ಅವ್ರಿಗೇನ್ ಗೊತ್ತು.

ನಾನು ಅಣ್ಣ ಅಂದೆ, ಗಮನಿಸಿದ್ಯಾ? ನಮ್ಮನೇಲಿ ಅಪ್ಪನನ್ನ ಅಣ್ಣ ಅಂತಾನೇ ಕರಿಯೋದು. ಊರವ್ರ ಮುಂದೆ ಹೇಳುವಾಗ ಅಪ್ಪ, ಎದುರಿಗೆ ಅಣ್ಣ. ಕುವೆಂಪು ಅವ್ರನ್ನ ತೇಜಸ್ವಿ ಅಣ್ಣ ಅಂತಿದ್ರು. ಮಲೆನಾಡು, ಕುಂದಾಪುರದ ಕಡೆ ಅಪ್ಪಯ್ಯ, ಉತ್ತರ ಕರ್ನಾಟಕದ ಕೆಲವು ಮನೇಲಿ ಅಪ್ಪನಿಗೇ ಕಾಕಾ. ನಿನ್ನ ಲೇಖನದಲ್ಲಿ ಮಾತ್ರ ಶುರುವಿಂದ ಕೊನೇತನಕ "ನನ್ನ ಪೂಜ್ಯ ತಂದೆಯವರು". ಹಸಿವಾದಾಗ ನೀನು "ಪೂಜ್ಯ ತಂದೆಯವರೇ, ಊಟಕ್ಕೆ ಬನ್ನಿ" ಅಂತೀಯಾ? ಅಂಗಡಿ ಬಾಗಿಲಲ್ಲಿ ನಿಂತು ಏನಂತ ಕೂಗ್ತಿದ್ಯೋ ಅದನ್ನೇ ಬರಿ.

ಇನ್ನೊಂದು, ನಂಗೆ ನಗು ತಡಿಯೋಕಾಗದ ಸಾಲು. "ನನ್ನ ತಂದೆ ಜೀವಮಾನದಲ್ಲಿ ಒಂದೇ ಒಂದು ಸುಳ್ಳು ಹೇಳಿದವರಲ್ಲ." ಅಲ್ಲ ಮಾರಾಯ್ತಿ, ಟೈಲರ್! ದೀಪಾವಳಿ ಮುಂಚಿನ ವಾರ! "ಬುಧವಾರ ಬನ್ನಿ ಸಾರ್, ಕಾಜಾ ಒಂದ್ ಬಾಕಿ" ಅಂತ ಹೇಳದ ಟೈಲರ್ ಈ ಭೂಮಿ ಮೇಲೆ ಇದಾರಾ, ಬಟ್ಟೆ ಇನ್ನೂ ಕಟಿಂಗೇ ಆಗಿರಲ್ಲ. ಆ ಸುಳ್ಳು ಹೇಳುವಾಗ ಅವ್ರ ಮುಖ ಹೆಂಗಿರುತ್ತೆ, ಗಿರಾಕಿ ಹೋದ್ಮೇಲೆ ನಿನ್ನ ಕಡೆ ಹೆಂಗೆ ನೋಡ್ತಾರೆ, ಆಮೇಲೆ ರಾತ್ರಿ ಎಷ್ಟು ಹೊತ್ತಿನ ತನಕ ಆ ಸುಳ್ಳನ್ನ ನಿಜ ಮಾಡೋಕೆ ಮಿಷನ್ ತುಳೀತಾರೆ, ಅದು ಬರಿ. ಅದನ್ನ ಓದ್ದೋರಿಗೆ ನೀನು ತ್ಯಾಗ ಅಂತ ಬೇರೆ ಹೇಳೋದೇ ಬೇಡ.

ಸಣ್ಣ ಸುಳ್ಳು ಸುಲಭ, ನಗುನಗ್ತಾ ಬರೀಬಹುದು. ಕಷ್ಟದ್ದೂ ಇರುತ್ತೆ. ನಾನು ಆ ಮೊದಲ ಲೇಖನದಲ್ಲಿ ಬಿಟ್ಟಿದ್ದೊಂದು ಹೇಳ್ತೀನಿ. ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸಲ್ಲಿ ಪಾಸಾದ ವರ್ಷ ಅಣ್ಣ ನನ್ನನ್ನ ಕಾಲೇಜಿಗೆ ಸೇರಿಸ್ಲಿಲ್ಲ. ದಿನಾ ಬಸ್ಸಲ್ಲಿ ಹೋಗ್ಬೇಕಿತ್ತು. "ಬಸ್ಸಲ್ಲಿ ಹುಡುಗೀರ ಪಾಡು ಏನು ಅಂತ ನಂಗೊತ್ತು, ಬೇಡ" ಅಂದ್ರು, ಅಷ್ಟೇ, ಮಾತು ಮುಗೀತು. ಇದೇ ಮನುಷ್ಯ ಊರವ್ರ ಹೆಣ್ಮಕ್ಕಳು ಓಡಿ ಬರ್ತಿದ್ರೆ ಡ್ರೈವರಿಗೆ ಹೋಲ್ಡಾನ್ ಅಂತ ಕೂಗಿ ಎರಡು ನಿಮಿಷ ಬಸ್ ನಿಲ್ಸೋರು, ಚುಡಾಯಿಸೋ ಹುಡುಗ್ರನ್ನ ಕುತ್ತಿಗೆ ಪಟ್ಟಿ ಹಿಡಿದು ಕಾಡು ದಾರೀಲಿ ಇಳಿಸೋರು. ಆ ಹುಡುಗೀರೆಲ್ಲ ಪಿಯುಸಿ ಓದಿದ್ರು, ನಾನು ಮನೇಲಿ ಹಪ್ಪಳ ಒತ್ತಿದೆ. ಒಂದು ವರ್ಷ ನಾನು ಅವ್ರ ಜತೆ ಸರಿಯಾಗಿ ಮಾತಾಡ್ಲಿಲ್ಲ. ಮುಂದಿನ ಜೂನಲ್ಲಿ ಒಂದಿನ ಬೆಳಿಗ್ಗೆ ಡ್ಯೂಟಿಗೆ ಹೊರಡೋ ಮುಂಚೆ ಸ್ಟೂಡೆಂಟ್ ಪಾಸಿನ ಫಾರಂ ನನ್ನ ಕಾಫಿ ಲೋಟದ ಕೆಳಗೆ ಇಟ್ಟು ಹೋಗಿದ್ರು. ಎಲ್ಲಿಂದ, ಎಲ್ಲಿಗೆ ಅನ್ನೋದನ್ನ ಅವ್ರ ಕೈಯಲ್ಲೇ ತುಂಬಿದ್ರು, ವೇಬಿಲ್ಲಲ್ಲಿ ಬರಿಯೋ ಅದೇ ಒತ್ತೊತ್ತಿನ ಅಕ್ಷರ. ತಪ್ಪಾಯ್ತು ಅಂತ ಅವತ್ತೂ ಹೇಳ್ಲಿಲ್ಲ, ಆಮೇಲೂ ಹೇಳ್ಲಿಲ್ಲ. ನಾನೂ ಆ ವರ್ಷವನ್ನ ಇನ್ನೂ ಪೂರ್ತಿ ಬಿಟ್ಟುಕೊಟ್ಟಿಲ್ಲ, ಇದನ್ನ ಬರಿಯುವಾಗ್ಲೂ ಹೊಟ್ಟೆ ಉರೀತಿದೆ. ಇದನ್ನ ಸೇರಿಸಿ ಎರಡನೇ ಸಲ ಬರೆದಾಗ ಅಮ್ಮನಿಗೆ ಮತ್ತೆ ಓದಿ ಹೇಳ್ದೆ. ಈ ಸಲ ಯಾರು ಅಂತ ಕೇಳ್ಲಿಲ್ಲ, ಫಾರಂ ಇಡೋ ಹಿಂದಿನ ರಾತ್ರಿ ಅವ್ರು ಮೂರು ಫಾರಂ ಹಾಳು ಮಾಡಿದ್ರು ಅಂದ್ರು, ಅದು ನಂಗೆ ಆವರೆಗೂ ಗೊತ್ತೇ ಇರ್ಲಿಲ್ಲ.

ಈಗ ಬಸ್ಸಲ್ಲಿ ನಂಗೂ ಫ್ರೀ. 2023ರ ಜೂನಿಂದ ಶಕ್ತಿ ಬಂತಲ್ಲ, ಸೊನ್ನೆ ರೂಪಾಯಿ ಟಿಕೆಟ್. ಆದ್ರೂ ಇಳಿಯೋ ತನಕ ಅದನ್ನ ಬೆರಳಿಗೆ ಸುತ್ತಿ ಹಿಡ್ಕೊಂಡೇ ಇರ್ತೀನಿ, ಎಸೆಯೋಕೆ ಕೈ ಬರಲ್ಲ. ಇದನ್ನೂ ಎಲ್ಲಾದ್ರೂ ಬರೀಬೇಕು ಅಂದ್ಕೊಂಡಿದೀನಿ, ನೀನು ಕದೀಬೇಡ.

ನಿಂಗೊಂದು ಅನುಕೂಲ ಇದೆ, ನಂಗಿಲ್ಲದ್ದು. ನಿಮ್ಮಪ್ಪ ಇನ್ನೂ ಅಂಗಡೀಲಿ ಕೂತಿದಾರೆ. ಅಪ್ಪಂದಿರ ದಿನದ ವಿಶೇಷಾಂಕಕ್ಕೆ ಅಂತ ಬರ್ದೆ ಅಂದ್ಯಲ್ಲ, ಅದು ಜೂನ್ ಮೂರನೇ ಭಾನುವಾರ, ಸ್ಕೂಲ್ ಶುರುವಾಗಿ ಅವ್ರಿಗೆ ಯೂನಿಫಾರಂ ರಾಶಿ ಬಿದ್ದಿರೋ ಹೊತ್ತು, ನಿನ್ನ ಲೇಖನ ಓದೋಕೂ ಪುರುಸೊತ್ತಿರಲ್ಲ. ಈ ಸಲದ ವಿಶೇಷಾಂಕ ಬಿಟ್ಟುಬಿಡು. ಹೋಗಿ ಸ್ಟೂಲ್ ಹಾಕ್ಕೊಂಡು ಪಕ್ಕದಲ್ಲಿ ಕೂತ್ಕೋ, ಹೆಮ್ಮಿಂಗ್ ಮಾಡಿಕೊಡು, ಪೆನ್ನು ಪುಸ್ತಕ ಹಿಡ್ಕೊಂಡು ಇಂಟರ್‌ವ್ಯೂ ಮಾಡೋಕೆ ಹೋದ್ರೆ ಅವ್ರೂ ಪೂಜ್ಯ ತಂದೆಯವರ ಥರಾನೇ ಮಾತಾಡ್ತಾರೆ. ಬೆಳೆಯೋ ಮಕ್ಕಳ ಯೂನಿಫಾರಮ್ಮಿಗೆ ಒಳಗಡೆ ಬಟ್ಟೆ ಮಡಚಿ ಬಿಡ್ತಾರಲ್ಲ, ಮುಂದಿನ ವರ್ಷ ಬಿಚ್ಚಿ ಉದ್ದ ಮಾಡೋಕೆ, ಎಷ್ಟು ಇಂಚು ಬಿಡ್ತಾರೆ ಕೇಳು. ಎಲ್ಲ ಮಕ್ಕಳಿಗೂ ಅಷ್ಟೇನಾ, ದುಡ್ಡು ಕಮ್ಮಿ ಇರೋರ ಮನೆ ಮಗೂಗೆ ಒಂದಿಂಚು ಜಾಸ್ತಿನಾ, ನಿನ್ನ ಲಂಗಕ್ಕೆ ಎಷ್ಟು ಬಿಟ್ಟಿದ್ರು. ಅವ್ರು ಏನ್ ಹೇಳ್ತಾರೋ ಅದನ್ನ ಅವತ್ತೇ ಬರ್ಕೋ, ಸ್ಟೇಜ್ ದಾಟೋಕೆ ಬಿಡ್ಬೇಡ. ಬಿಲ್ ಬುಕ್ಕಲ್ಲಿ ಗಿರಾಕಿ ಬಟ್ಟೆ ಚೂರು ಪಿನ್ ಮಾಡಿರ್ತಾರಲ್ಲ, ಹಳೇ ಬಿಲ್ ಬುಕ್ ಇದ್ರೆ ತಿರುವಿ ಹಾಕು, ನಿಮ್ಮೂರಿನ ಅರ್ಧ ಜನ ಅದ್ರಲ್ಲಿ ಸಿಗ್ತಾರೆ.

ಆಮೇಲೆ ನಾಲ್ಕು ಪುಟ ಬರ್ದು ಕಳ್ಸು, ಟೈಪ್ ಮಾಡಿದ್ದೇ ಆಗ್ಬೇಕಂತಿಲ್ಲ, ಕೈಯಲ್ಲಿ ಬರ್ದು ಫೋಟೋ ತೆಗೆದು ಕಳ್ಸಿದ್ರೂ ಓದ್ತೀನಿ. ಚಾಕ್ ಸಾಲು ಮಾತ್ರ ತೆಗೆದೀಯ ಜೋಕೆ.

ಅಪ್ಪನಿಗೆ ನನ್ನ ನಮಸ್ಕಾರ ಹೇಳು. ನಂದೊಂದು ಬ್ಲೌಸ್ ಪೀಸ್ ಎರಡು ವರ್ಷದಿಂದ ಬೀರುವಲ್ಲೇ ಬಿದ್ದಿದೆ, ಅವ್ರು ಜೆಂಟ್ಸ್ ಟೈಲರ್ ಅಂತ ಗೊತ್ತು, ಆದ್ರೂ ಒಂದ್ ಮಾತು ಕೇಳಿ ನೋಡು. ಬುಧವಾರ ಬನ್ನಿ ಅಂದ್ರೂ ಪರವಾಗಿಲ್ಲ.

ನಿನ್ನ ಅಕ್ಕ