ಸಂಬಳದ ಜೊತೆ ಮನೆ ಲೆಕ್ಕವನ್ನೂ ಕೇಳಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯಲ್ಲಿ ಗಲ್ಫ್ ಕೆಲಸದ ಜಾಹೀರಾತು ಬಂತೆಂದರೆ ಊರಿಂದ ನನಗೆ ಫೋನು ಬರುತ್ತದೆ. "ಅಕ್ಕಾ, ಆರು ಸಾವಿರ ದಿರ್ಹಂ ಅಂದ್ರೆ ರೂಪಾಯೀಲಿ ಎಷ್ಟಾಯ್ತು?" ಮನೆ ಬಾಡಿಗೆ ಎಷ್ಟು ಅಂತ ಮಾತ್ರ ಯಾರೂ ಕೇಳುವುದಿಲ್ಲ. ನಾನು ಕುಂದಾಪುರದವಳು. ದುಬೈನ ಅಲ್ ಕುಸೈಸ್‌ನಲ್ಲಿ ಸಂಸಾರ, ಕಚೇರಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ.

ಬೆಂಗಳೂರಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳಿದರೆ ಬೈದುಕೊಳ್ಳುತ್ತೇವೆ, ಅಲ್ವಾ? ಇಲ್ಲಿ ಅಡ್ವಾನ್ಸ್ ಕಡಿಮೆ. ಆದರೆ ಬಾಡಿಗೆ ವರ್ಷದ ಲೆಕ್ಕ. ಆ ಇಡೀ ವರ್ಷದ ಬಾಡಿಗೆಗೂ ಮುಂದಿನ ತಾರೀಕು ಹಾಕಿದ ಚೆಕ್ ಮೊದಲೇ ಕೊಡಬೇಕು. ವರ್ಷಕ್ಕೆ 60,000 ದಿರ್ಹಂ, ನಾಲ್ಕು ಚೆಕ್ ಅಂತಿಟ್ಟುಕೊಳ್ಳಿ. ಮೊದಲ ಚೆಕ್ 15,000. ಡೆಪಾಸಿಟ್ ಸಾಮಾನ್ಯವಾಗಿ ಶೇ 5, ಅಂದರೆ 3,000. ಮನೆ ತೋರಿಸುವ ಏಜೆಂಟಿಗೂ ಹೆಚ್ಚುಕಮ್ಮಿ ಅಷ್ಟೇ. ಕರೆಂಟು, ನೀರು ಕೊಡುವ ಸರಕಾರಿ ಸಂಸ್ಥೆ 'ದೇವಾ'ಗೆ (DEWA) ಡೆಪಾಸಿಟ್ 2,000. ಬೀಗದ ಕೈ ಸಿಗುವಷ್ಟರಲ್ಲಿ 23,000 ಖಾಲಿ. ಆಮೇಲೆ ದೇವಾ ಬಿಲ್ಲಿನ ಜೊತೆ ಬಾಡಿಗೆಯ ಶೇ 5ರಷ್ಟು ದುಬೈ ಪಾಲಿಕೆಯ ಹೌಸಿಂಗ್ ಫೀ ಬೇರೆ.

ದುಡ್ಡಿದ್ದರೂ ಹೊಸಬರಿಗೆ ಸುಲಭಕ್ಕೆ ಮನೆ ಸಿಗುವುದಿಲ್ಲ. ಚೆಕ್ ಬುಕ್‌ಗೆ ಬ್ಯಾಂಕ್ ಖಾತೆ ಬೇಕು, ಖಾತೆಗೆ ಎಮಿರೇಟ್ಸ್ ಐಡಿ ಅನ್ನುವ ಇಲ್ಲಿನ ಗುರುತಿನ ಚೀಟಿ, ಐಡಿಗೆ ವೀಸಾ. ಅಲ್ಲಿವರೆಗೆ ಬೆಡ್ ಸ್ಪೇಸೇ ಗತಿ, ಅಂದರೆ ಹಲವರು ಹಂಚಿಕೊಂಡ ಮನೆಯಲ್ಲಿ ಮಲಗುವಷ್ಟು ಜಾಗ. ನನ್ನ ಅಕ್ಕನ ಮಗ ಇಳಿದುಕೊಂಡದ್ದು ಇಲ್ಲಿನ ಸತ್ವಾ ಬಡಾವಣೆಯ ಒಂದು ಫ್ಲ್ಯಾಟಿನಲ್ಲಿ. ಹಾಲ್‌ಗೆ ಹಲಗೆ ಹೊಡೆದು ಮೂರು ಗೂಡು ಮಾಡಿದ್ದರು. ಕಿಟಕಿ ಒಬ್ಬನ ಪಾಲಿಗೆ. ಏಸಿ ಗಾಳಿ ಎಲ್ಲರಿಗೂ ಸಿಗಲಿ ಅಂತ ಹಲಗೆಯನ್ನು ಸೂರಿಗೆ ಮುಟ್ಟಿಸಿರಲಿಲ್ಲ, ಹಾಗಾಗಿ ಆಚೆಯವನ ಗೊರಕೆ, ಅಲಾರಾಂ ಎಲ್ಲ ಈಚೆಗೆ. 2025ರ ಜೂನ್‌ನಲ್ಲಿ ಪಾಲಿಕೆ ಇಂಥ ಪಾರ್ಟಿಷನ್‌ಗಳ ಮೇಲೆ ಕ್ರಮ ಶುರು ಮಾಡಿತು. ಫ್ಲ್ಯಾಟನ್ನು ಬಾಡಿಗೆಗೆ ಹಿಡಿದು ಇವರಿಗೆಲ್ಲ ಒಳಬಾಡಿಗೆಗೆ ಕೊಟ್ಟವನು ಎಲ್ಲರನ್ನೂ ಹೊರಗೆ ಕಳಿಸಿ ಫೋನ್ ಆಫ್ ಮಾಡಿದ. ನಗದು ಕೊಟ್ಟದ್ದಕ್ಕೆ ರಸೀದಿ ಇಲ್ಲ. ಮಾಲೀಕನ ಲಿಖಿತ ಒಪ್ಪಿಗೆ ಇಲ್ಲದೆ ಹೀಗೆ ಒಳಬಾಡಿಗೆಗೆ ಕೊಡುವುದೇ ಕಾನೂನಿಗೆ ವಿರುದ್ಧ. ಹುಡುಗ ಸೂಟ್‌ಕೇಸ್ ಹಿಡಿದು ನಮ್ಮನೆಗೆ ಬಂದ.

ದುಬೈಗೆ ಬರುವವರು ತಿಳಿದಿರಬೇಕಾದ್ದು ಇಜಾರಿ, ಅಂದರೆ ಬಾಡಿಗೆ ಕರಾರಿನ ಸರಕಾರಿ ನೋಂದಣಿ. ಸ್ವಂತ ಬಾಡಿಗೆ ಮನೆಯಲ್ಲಿರುವವರು ಹೆಂಡತಿ ಮಕ್ಕಳ ವೀಸಾಕ್ಕೆ ಅರ್ಜಿ ಹಾಕುವಾಗ ಅದನ್ನೇ ಕೇಳುತ್ತಾರೆ. ಬೆಡ್ ಸ್ಪೇಸ್‌ನವರ ಸಂಸಾರ ಊರಲ್ಲೇ ಉಳಿಯುವುದಕ್ಕೆ ಇದೂ ಒಂದು ಕಾರಣ. ಇಜಾರಿ ಇದ್ದರೆ ಬಲ ನಿಮ್ಮ ಕಡೆ. ಬಾಡಿಗೆ ಏರಿಸಬೇಕಾದರೆ ಮಾಲೀಕ ಕರಾರು ಮುಗಿಯುವ 90 ದಿನ ಮೊದಲೇ ಹೇಳಬೇಕು, ಏರಿಕೆಯೂ ದುಬೈ ಸರಕಾರದ 2013ರ ಆದೇಶದ ಮಿತಿಯೊಳಗೇ ಇರಬೇಕು. ಮನೆ ಮಾರುತ್ತೇನೆ, ಖಾಲಿ ಮಾಡಿ ಅನ್ನುವುದಕ್ಕೆ ನೋಟರಿ ಅಥವಾ ರಿಜಿಸ್ಟರ್ಡ್ ಅಂಚೆ ಮೂಲಕ 12 ತಿಂಗಳ ನೋಟಿಸ್ ಬೇಕು. ಸುಮ್ನೆ ವಾಟ್ಸ್ಆ್ಯಪ್ ಮಾಡಿದರೆ ಸಾಲದು. ಚೆಕ್ ಬರೆಯುವ ಮೊದಲು ಮನೆಯ ಹಕ್ಕುಪತ್ರ ನೋಡಿ, ಅದರಲ್ಲಿರುವ ಹೆಸರಿಗೇ ಬರೆಯಿರಿ. ಕಟ್ಟಡದ ವಾಚ್‌ಮನ್‌ನನ್ನು ಮಾತಾಡಿಸಿ. ಯಾವ ಫ್ಲ್ಯಾಟ್ ಖಾಲಿಯಾಗುತ್ತೆ ಅನ್ನೋದು ಏಜೆಂಟಿಗಿಂತ ಮೊದಲು ಅವನಿಗೆ ಗೊತ್ತಿರುತ್ತದೆ.

ಸಂಪಾದಕರೇ, ಜಾಹೀರಾತು ಕೊಡುವ ಏಜೆನ್ಸಿಗಳು ಸಂಬಳವನ್ನು ದಪ್ಪ ಅಕ್ಷರದಲ್ಲಿ ಹಾಕಿಸುತ್ತಾರೆ. ವಸತಿ ಕಂಪನಿಯದೋ, ಭತ್ಯೆಯೋ, ಭತ್ಯೆಯಾದರೆ ವರ್ಷದ್ದು ಮುಂಗಡವಾಗಿ ಸಿಗುತ್ತದೆಯೋ ಅನ್ನುವುದನ್ನೂ ಅದೇ ಗಾತ್ರದಲ್ಲಿ ಹಾಕಿ ಅಂತ ನೀವು ಅವರಿಗೆ ಹೇಳಬಹುದಲ್ವಾ?

– ಕುಂದಾಪುರದ ಓದುಗಿ, ಅಲ್ ಕುಸೈಸ್, ದುಬೈ