ಬ್ರಿಸ್ಟಲ್ ಪಟ್ಟಿಯಲ್ಲಿ ಬಿಟ್ಟುಹೋದ ಜೋಡಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ತೊಂಬತ್ತರ ದಶಕದ ಟ್ರಿಪ್-ಹಾಪ್ ಸಂಗೀತದ (ಹಿಪ್-ಹಾಪ್ ತಾಳಕ್ಕೆ ಜಮೈಕಾದ ರೆಗ್ಗೆಯ ಮಂದ್ರ ಬೆರೆತ ನಿಧಾನದ ಸಂಗೀತ) ಬಗ್ಗೆ ಬಂದ ಬರಹ ಓದಿದೆ. ಕನ್ನಡ ಪತ್ರಿಕೆಯೊಂದು ಇಂಥ ವಿಷಯಕ್ಕೆ ಅರ್ಧ ಪುಟ ಕೊಟ್ಟಿದ್ದೇ ಖುಷಿ. ಆದರೆ ಇಂಗ್ಲೆಂಡಿನ ಬ್ರಿಸ್ಟಲ್ ಊರಿನ ಮಾತು ಬಂದಾಗ ಎಲ್ಲರೂ ಹೇಳುವ ಮೂರೇ ಹೆಸರು ನಿಮ್ಮಲ್ಲೂ ಬಂದವು: ಮ್ಯಾಸಿವ್ ಅಟ್ಯಾಕ್, ಪೋರ್ಟಿಸ್‌ಹೆಡ್, ಟ್ರಿಕಿ. ಆ ಮೂವರ ಬಗ್ಗೆ ನನ್ನ ತಕರಾರಿಲ್ಲ. ಅದೇ ಊರಿನ ಸಂಗೀತ ಜೋಡಿ ಸ್ಮಿತ್ ಆ್ಯಂಡ್ ಮೈಟಿ ಎಲ್ಲಿ ಹೋದರು ಅಂತ ಕೇಳುವುದಕ್ಕೆ ಈ ಪತ್ರ.

ಕೇಳುವ ಹಕ್ಕು ನನಗೂ ಪೂರ್ತಿ ಇಲ್ಲ ಅನ್ನಿ. ಅವರನ್ನು ಇಪ್ಪತ್ತೈದು ವರ್ಷಕ್ಕೂ ಜಾಸ್ತಿ ಕಾಲ ಪೆಟ್ಟಿಗೆಯಲ್ಲಿ ಮುಚ್ಚಿಟ್ಟಿದ್ದವನು ನಾನೇ.

1997ರಲ್ಲಿ ಓದಲು ಬ್ರಿಸ್ಟಲ್‌ಗೆ ಹೋಗಿದ್ದೆ. ಬಾಡಿಗೆ ಕೋಣೆಯಿಂದ ಪೇಟೆಗೆ ನಡೆದೇ ಹೋಗುತ್ತಿದ್ದೆ. ದಾರಿಯಲ್ಲಿ ಚೆಲ್ಟನ್‌ಹ್ಯಾಮ್ ರಸ್ತೆ ಮುಗಿದು ಸ್ಟೋಕ್ಸ್ ಕ್ರಾಫ್ಟ್ ಶುರುವಾಗುವ ಕಡೆ, ಎಡಕ್ಕೆ ಆ್ಯಶ್ಲಿ ರಸ್ತೆ. ಅದರಾಚೆ ಸೇಂಟ್ ಪಾಲ್ಸ್. ಜಮೈಕಾ ಮತ್ತು ಸುತ್ತಲಿನ ದ್ವೀಪಗಳಿಂದ ಬಂದ ಕುಟುಂಬಗಳು ನೆಲೆಸಿದ ಬಡಾವಣೆ ಅದು. ಬೇಸಿಗೆಯ ಕಾರ್ನಿವಲ್‌ನಲ್ಲಿ ಬೀರುವಿನಷ್ಟು ದೊಡ್ಡ ಸ್ಪೀಕರ್‌ಗಳನ್ನು ಬೀದಿಗೇ ತಂದಿಡುತ್ತಿದ್ದರು. 1980ರಲ್ಲಿ ಅಲ್ಲಿ ಪೊಲೀಸರಿಗೂ ಜನರಿಗೂ ದೊಡ್ಡ ಗಲಾಟೆಯಾಗಿತ್ತು. ಅದನ್ನೇ ನೆನೆದು ನಮ್ಮ ಮನೆಯ ಮಾಲೀಕರು, ಕತ್ತಲಾದ ಮೇಲೆ ಆ ಕಡೆ ತಿರುಗಬೇಡ ಅಂದಿದ್ದರು. ನಾನು ಹೇಳಿದ ಮಾತು ಕೇಳುವ ಹುಡುಗ. ತಿರುಗಲೇ ಇಲ್ಲ.

ಸೆಕೆಂಡ್ ಹ್ಯಾಂಡ್ ಅಂಗಡಿಯೊಂದರಲ್ಲಿ ನಾಲ್ಕು ಪೌಂಡ್ ಕೊಟ್ಟು ಸ್ಮಿತ್ ಆ್ಯಂಡ್ ಮೈಟಿಯವರ ಸಿ.ಡಿ. ತಂದೆ. ಹೆಸರು ‘ಬೇಸ್ ಈಸ್ ಮೆಟರ್ನಲ್’. ಮಂದ್ರವೇ ತಾಯಿ ಅನ್ನುವಂಥ ಅರ್ಥ. ನನ್ನ ಹತ್ತಿರ ಇದ್ದದ್ದು ಅಂಗೈ ಅಗಲದ ಎರಡು ಸ್ಪೀಕರ್ ಇರುವ ಪ್ಲೇಯರ್. ಹಾಕಿದೆ. ತಾಳದ ಟಿಕ್ ಟಿಕ್, ಎಲ್ಲೋ ದೂರದಲ್ಲಿ ಒಂದು ದನಿ, ನಡುವೆ ಬರೀ ಖಾಲಿ. ಹಾಡು ಇನ್ನೂ ಶುರುವಾಗಿಲ್ಲ ಅಂತ ಕಾದೆ. ಮುಗಿದೇ ಹೋಯಿತು! ನಾಲ್ಕು ಪೌಂಡ್ ದಂಡ ಅಂದುಕೊಂಡು ಎತ್ತಿಟ್ಟೆ.

ಕಳೆದ ತಿಂಗಳು ಪೆಟ್ಟಿಗೆ ಖಾಲಿ ಮಾಡುವಾಗ ಅದು ಸಿಕ್ಕಿತು. ಸುಮ್ನೆ ಕುತೂಹಲಕ್ಕೆ ಮಗಳ ದೊಡ್ಡ ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಅಂದು ಖಾಲಿ ಅಂದುಕೊಂಡ ಜಾಗದಲ್ಲೇ ಹಾಡು ಇತ್ತು. ಕಿವಿಗಿಂತ ಮೊದಲು ದವಡೆಗೆ ಗೊತ್ತಾಗುವ ಬೇಸ್. ಡ್ರಮ್ಮಿನ ಒಂದು ಪೆಟ್ಟು ಬಿದ್ದರೆ ಅದರ ಮಾರ್ದನಿ ಎಡಗಿವಿಯಿಂದ ಬಲಗಿವಿಗೆ ದಾಟಿ, ಸವೆದು, ಮುಂದಿನ ಪೆಟ್ಟು ಬರುವ ಹೊತ್ತಿಗೆ ಇಲ್ಲವಾಗುತ್ತದೆ. ರೆಗ್ಗೆಯವರ ಡಬ್ ಕೈಚಳಕ ಇದು, ಅಂದರೆ ಹಾಡನ್ನು ಬಿಡಿಸಿ ಬೇಸ್, ಡ್ರಮ್, ಮಾರ್ದನಿಗಳನ್ನೇ ಮುಂದೆ ಮಾಡುವ ವಿಧಾನ. ಮಗಳು ಹೆಡ್‌ಫೋನ್ ಕಿತ್ತುಕೊಂಡು ಕೇಳಿ, “ಅಪ್ಪಾ, ಇದು ನಿಜವಾಗ್ಲೂ ನಿನ್ನ ಕಾಲದ್ದಾ?” ಅಂದಳು. ಹೌದು ಅನ್ನಲು ಸ್ವಲ್ಪ ನಾಚಿಕೆಯಾಯಿತು.

ಆಮೇಲೆ ಹುಡುಕಿ ಓದಿದೆ, ಕೇಳಿದೆ. ರಾಬ್ ಸ್ಮಿತ್ ಮತ್ತು ರೇ ಮೈಟಿ ತಡವಾಗಿ ಬಂದವರಲ್ಲ, ಎಲ್ಲರಿಗಿಂತ ಮೊದಲು ಬಂದವರು. ಮ್ಯಾಸಿವ್ ಅಟ್ಯಾಕ್‌ನ ಮೊದಲ ಸಿಂಗಲ್ ‘ಎನಿ ಲವ್’ 1988ರಲ್ಲಿ ಬಂದಾಗ ಅದರ ನಿರ್ಮಾಣದಲ್ಲಿ ಇವರ ಕೈ ಇತ್ತು. ಅದೇ ವರ್ಷ ಇವರು ತಮ್ಮದೇ ‘ವಾಕ್ ಆನ್ ಬೈ’ ತಂದರು. 1964ರಲ್ಲಿ ಡಿಯೋನ್ ವಾರ್ವಿಕ್ ಹಾಡಿದ ಬರ್ಟ್ ಬ್ಯಾಕರಾಕ್ ಹಾಡು ಅದು. ಇವರು ಅದರ ನಯನಾಜೂಕನ್ನೆಲ್ಲ ಕಳಚಿ, ಕೆಳಗೆ ಹಿಪ್-ಹಾಪ್ ಡ್ರಮ್, ರೆಗ್ಗೆ ಬೇಸ್ ಇಟ್ಟು, ಮೇಲೆ ಹೆಣ್ಣುದನಿಯೊಂದನ್ನು ಒಂಟಿಯಾಗಿ ನಿಲ್ಲಿಸಿದರು. ಟ್ರಿಪ್-ಹಾಪ್ ಎಂದು ನಾವು ಗುರುತಿಸುವುದೆಲ್ಲ ಅಲ್ಲೇ ಇದೆ, ಅಲ್ವಾ? ಆ ಪದ ಪತ್ರಿಕೆಯಲ್ಲಿ ಬಳಕೆಗೆ ಬಂದದ್ದೇ 1994ರಲ್ಲಿ, ‘ಮಿಕ್ಸ್‌ಮ್ಯಾಗ್’ನಲ್ಲಿ. ಅದೂ ಬ್ರಿಸ್ಟಲ್‌ನವರ ಬಗ್ಗೆ ಅಲ್ಲ, ಅಮೆರಿಕದ ಡಿಜೆ ಶ್ಯಾಡೋ ಬಗ್ಗೆ. 1989ರಲ್ಲಿ ಫ್ರೆಶ್ ಫೋರ್ ಎಂಬ ಬ್ರಿಸ್ಟಲ್ ಹುಡುಗರಿಗೆ ಇವರು ಮಾಡಿಕೊಟ್ಟ ‘ವಿಶಿಂಗ್ ಆನ್ ಎ ಸ್ಟಾರ್’ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 10ನೇ ಸ್ಥಾನಕ್ಕೆ ಏರಿತು. ಆ ಹುಡುಗರಲ್ಲೊಬ್ಬರಾದ ಕ್ರಸ್ಟ್ ಮುಂದೆ ರೋನಿ ಸೈಜ್ ಅವರ ರೆಪ್ರಜೆಂಟ್ ತಂಡ ಸೇರಿದರು. ನಾನು ಬ್ರಿಸ್ಟಲ್‌ಗೆ ಹೋದ ವರ್ಷವೇ ಆ ತಂಡಕ್ಕೆ ವರ್ಷದ ಅತ್ಯುತ್ತಮ ಆಲ್ಬಂಗೆ ಕೊಡುವ ಮರ್ಕ್ಯುರಿ ಪ್ರಶಸ್ತಿ ಬಂತು.

ಇಷ್ಟಿದ್ದೂ ಇವರ ಹೆಸರು ಯಾಕೆ ಉಳಿಯಲಿಲ್ಲ? ನನಗೆ ಕಾಣುವುದು ಇಷ್ಟು. ದೊಡ್ಡ ರೆಕಾರ್ಡ್ ಕಂಪನಿಯೊಂದರ ಜೊತೆ ಒಪ್ಪಂದವೇನೋ ಆಯಿತು, ಆದರೆ ಇವರ ಆಲ್ಬಂ ಹೊರಬರಲಿಲ್ಲ. ಅಷ್ಟರಲ್ಲಿ 1991ರಲ್ಲಿ ಮ್ಯಾಸಿವ್ ಅಟ್ಯಾಕ್‌ನ ‘ಬ್ಲೂ ಲೈನ್ಸ್’, 1994ರಲ್ಲಿ ಪೋರ್ಟಿಸ್‌ಹೆಡ್‌ನ ‘ಡಮ್ಮಿ’, 1995ರಲ್ಲಿ ಟ್ರಿಕಿಯ ‘ಮ್ಯಾಕ್ಸಿನ್‌ಕ್ವೇ’ ಆಲ್ಬಂಗಳು ಬಂದವು. ಇವರ ಸಿ.ಡಿ. ಬಂದದ್ದು ಅದೇ 1995ರಲ್ಲಿ, ಮೋರ್ ರಾಕರ್ಸ್ ಎಂಬ ತಮ್ಮದೇ ಲೇಬಲ್‌ನಿಂದ. ಅಷ್ಟು ಹೊತ್ತಿಗೆ ಇವರ ಮನಸ್ಸು ಜಂಗಲ್ ಎಂಬ ವೇಗದ ನೃತ್ಯಸಂಗೀತದ ಕಡೆ, ಅದರ ಓಡುವ ಡ್ರಮ್ಮಿನ ಕಡೆ ಹೊರಟಿತ್ತು. ನಿಧಾನದ, ಬೇಸರದ ಸಂಜೆಯ ಹಾಡು ಬೇಕು ಅಂತ ಬಂದವರಿಗೆ ಇದು ಸಿಕ್ಕರೆ ಏನು ಮಾಡಿಯಾರು? ನನ್ನ ಹಾಗೆ ಎತ್ತಿಟ್ಟಿರಬೇಕು.

ಇವರ 1988ರಿಂದ 94ರವರೆಗಿನ ಹಳೆಯ ಧ್ವನಿಮುದ್ರಣಗಳು 2018ರಲ್ಲಿ ಒಟ್ಟಾಗಿ ಬಂದಿವೆ. ಅದರ ಹೆಸರು ನೋಡಿ ಒಂದು ಕ್ಷಣ ಸುಮ್ಮನೆ ಕೂತೆ. ‘ಆ್ಯಶ್ಲಿ ರೋಡ್ ಸೆಶನ್ಸ್’! ನಾನು ದಿನಾ ದಾಟಿ ಹೋಗುತ್ತಿದ್ದ ರಸ್ತೆ. ಒಂದು ದಿನವೂ ಎಡಕ್ಕೆ ತಿರುಗದ ರಸ್ತೆ.

ಪುರವಣಿಯಲ್ಲಿ ಮತ್ತೆ ಜಾಗವಾದರೆ ಇವರಿಗೆ ನಾಲ್ಕು ಸಾಲು ಕೊಡಿ. ಓದುಗರು ‘ವಾಕ್ ಆನ್ ಬೈ’ಯಿಂದ ಶುರು ಮಾಡಿ ಆಮೇಲೆ ಆ ಸಿ.ಡಿ.ಗೆ ಬರಲಿ. ಮೊಬೈಲ್ ಫೋನಿನ ಸ್ಪೀಕರ್‌ನಲ್ಲಿ ಮಾತ್ರ ಕೇಳಬೇಡಿ ಅಂತ ಒಂದು ಮಾತು ಸೇರಿಸಿಬಿಡಿ.

ಇತಿ,
ನಿಮ್ಮ ಹಳೆಯ ಓದುಗ